ಪಿನಿಪ್ಯಾಮ್ ಮೈಕ್ರೋಜೆಲ್ ಕಣಗಳು ನೀರಿನಲ್ಲಿ ಒಂದನ್ನೊಂದು ತಳ್ಳುತ್ತವೆಯೇ, ಸೆಳೆಯುತ್ತವೆಯೇ?

ಕಡಲತಡಿ_ಕಲಿಲ
ವೇದಿಕೆಯ ಹಿರಿಯರಿಗೆಲ್ಲ ನಮಸ್ಕಾರ. ಮಂಗಳೂರಿನ ಒಂದು ಪ್ರಯೋಗಾಲಯದಲ್ಲಿ ನಾನು ಪಾಲಿ-ಎನ್-ಐಸೊಪ್ರೊಪೈಲ್‌ಅಕ್ರಿಲಮೈಡ್, ಅಂದರೆ ಎಲ್ಲರೂ ಪಿನಿಪ್ಯಾಮ್ ಎಂದು ಕರೆಯುವ ಪಾಲಿಮರಿನ ಮೈಕ್ರೋಜೆಲ್ ಕಣಗಳನ್ನು (ನೀರು ಹೀರಿ ಉಬ್ಬುವ, ಸರಪಣಿಗಳ ಬಲೆಯಂತಿರುವ ಸೂಕ್ಷ್ಮ ಕಣಗಳನ್ನು) ತಯಾರಿಸಿ, ಅವು ನೀರಿನಲ್ಲಿ ಒಂದರೊಡನೊಂದು ಹೇಗೆ ವರ್ತಿಸುತ್ತವೆ ಎಂಬುದನ್ನು ನೋಡುತ್ತಿದ್ದೇನೆ. ಉಬ್ಬಿದಾಗ ಕಣದ ವ್ಯಾಸ ಅರ್ಧ ಮೈಕ್ರೋಮೀಟರಿನ ಆಸುಪಾಸಿನಲ್ಲಿರುತ್ತದೆ. ಒಂದೇ ತಯಾರಿಯಿಂದ ತೆಗೆದ ಮೂರು ಸೀಸೆಗಳು ಮೇಜಿನ ಮೇಲಿವೆ, ಮೂರರ ನಡವಳಿಕೆಯೂ ಬೇರೆಬೇರೆಯಾಗಿದೆ.

ತೆಳುವಾಗಿ ಕಲಸಿದ ಮೊದಲನೆಯದು ಬೆಳಿಗ್ಗೆ ತುಸು ನೀಲಿ ಛಾಯೆಯೊಂದಿಗೆ ಬಹುತೇಕ ತಿಳಿಯಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಹಿಂದೆ ಇಟ್ಟ ಕಾಗದದ ಅಕ್ಷರ ಕಾಣದಷ್ಟು ಬಿಳಿಚಿಕೊಳ್ಳುತ್ತದೆ. ಎರಡನೆಯದು ಹೆಚ್ಚು ಸಾಂದ್ರವಾದದ್ದು. ಬೆಳಿಗ್ಗೆ ಸೀಸೆಯನ್ನು ಓರೆ ಮಾಡಿದರೂ ಜಾರುವುದಿಲ್ಲ, ಕಿಟಕಿಯ ಬೆಳಕಿಗೆ ಹಿಡಿದರೆ ಹಸಿರು, ಕೆಂಪು ಚುಕ್ಕೆಗಳು ಹೊಳೆಯುತ್ತವೆ; ಊಟ ಮುಗಿಸಿ ಬಂದು ನೋಡಿದರೆ ಬಣ್ಣವೆಲ್ಲ ಮಾಯವಾಗಿ, ಬೆಳ್ಳಗಾಗಿ, ಸಲೀಸಾಗಿ ಹರಿಯುತ್ತದೆ. ಮೂರನೆಯದಕ್ಕೆ ಫಾಸ್ಫೇಟ್ ಬಫರಿನ ಉಪ್ಪುನೀರು ಸೇರಿಸಿದ್ದೆ, ಅದು ಮಧ್ಯಾಹ್ನ ಬಿಳಿ ಗಂಟುಗಳಾಗಿ ಕೆಳಗೆ ಕೂರುತ್ತದೆ.

ಈ ಕಣಗಳ ನಡುವೆ ಇರುವುದು ವಿಕರ್ಷಣೆಯೇ, ಆಕರ್ಷಣೆಯೇ? ಗಟ್ಟಿ ಗೋಲಿಗಳ ಸಿದ್ಧಾಂತದ ಅಂಕೆಗಳನ್ನು ಇವುಗಳಿಗೆ ಹಾಗೆಯೇ ಅನ್ವಯಿಸಬಹುದೇ? ಪ್ರಬಂಧದಲ್ಲಿ ಯಾವ ವಿಭವದ ಸೂತ್ರವನ್ನು, ಅಂದರೆ ದೂರಕ್ಕೆ ತಕ್ಕಂತೆ ಕಣಗಳ ನಡುವಿನ ಶಕ್ತಿಯನ್ನು ಹೇಳುವ ಸೂತ್ರವನ್ನು, ಬರೆಯಲಿ?

ಕೊಣಾಜೆ_ಮೇಷ್ಟ್ರು
ಉತ್ತರಕ್ಕಿಂತ ಮೊದಲು ಒಂದು ಪ್ರಶ್ನೆ. ಆ ಕೋಣೆಯಲ್ಲಿ ಏಸಿ ಉಂಟೇ?

ಕಡಲತಡಿ_ಕಲಿಲ
ಇಲ್ಲ ಸರ್, ಫ್ಯಾನ್ ಮಾತ್ರ ಇದೆ. ಕಣದ ವ್ಯಾಸ ಅಳೆಯುವ ಬೆಳಕಿನ ಚದರಿಕೆಯ ಉಪಕರಣ ಇರುವ ಪಕ್ಕದ ಕೋಣೆಗೆ ಏಸಿ ಇದೆ.

ಕೊಣಾಜೆ_ಮೇಷ್ಟ್ರು
ಹಾಗಾದರೆ ನಿಮ್ಮ ಸಮಸ್ಯೆಯ ಅರ್ಧಕ್ಕೆ ಕೋಣೆಯೇ ಉತ್ತರ ಕೊಡುತ್ತಿದೆ. ಪಿನಿಪ್ಯಾಮ್ ಸರಪಣಿಗಳು ಸುಮಾರು 32 ಡಿಗ್ರಿ ಸೆಲ್ಸಿಯಸ್‌ವರೆಗೆ ನೀರಿನೊಂದಿಗೆ ಹೊಂದಿಕೊಂಡಿದ್ದು, ಅದರಿಂದ ಮೇಲೆ ನೀರನ್ನು ಹೊರಗೆ ಬಿಟ್ಟು ಮುದುಡಿಕೊಳ್ಳುತ್ತವೆ ಎಂಬುದು 1968ರಷ್ಟು ಹಿಂದೆಯೇ ವರದಿಯಾದ ವಿಷಯ. ಜೆಲ್‌ಗಳು ಹೀಗೆ ಹಠಾತ್ತನೆ ಗಾತ್ರ ಬದಲಿಸುವುದನ್ನು ತೊಯೊಇಚಿ ತನಾಕಾ 1978ರಲ್ಲಿ ಬೇರೊಂದು ಪಾಲಿಮರಿನಲ್ಲಿ ತೋರಿಸಿದರು. ಪಿನಿಪ್ಯಾಮನ್ನು ಮೈಕ್ರೋಜೆಲ್ ರೂಪದಲ್ಲಿ ತಯಾರಿಸಿದ ವರದಿಯನ್ನು ಪೆಲ್ಟನ್ ಮತ್ತು ಚಿಬಾಂಟೆ 1986ರಲ್ಲಿ ಪ್ರಕಟಿಸಿದರು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಹಗಲಿನ ಗರಿಷ್ಠ ತಾಪಮಾನ 33–34 ಡಿಗ್ರಿಯವರೆಗೆ ಏರುತ್ತದೆ, ಬೆಳಗಿನ ಜಾವ 25–26ಕ್ಕೆ ಇಳಿಯುತ್ತದೆ. ಅಂದರೆ ನಿಮ್ಮ ಸೀಸೆಗಳು ಆ 32ರ ಗೆರೆಯನ್ನು ದಿನಕ್ಕೆ ಎರಡು ಬಾರಿ ದಾಟುತ್ತಿವೆ. ಚಳಿ ದೇಶದ ಪ್ರಯೋಗಾಲಯದವರಿಗೆ ಈ ಬದಲಾವಣೆಯನ್ನು ನೋಡಲು ಬಿಸಿನೀರಿನ ತೊಟ್ಟಿ ಬೇಕು, ನಿಮಗೆ ಕಿಟಕಿ ತೆರೆದರೆ ಸಾಕು.

ಮೊದಲನೆಯ ಸೀಸೆ ಬಿಳಿಚಿಕೊಂಡದ್ದಕ್ಕೆ ಕಣಗಳು ಅಂಟಿಕೊಂಡಿರಬೇಕೆಂದೇನೂ ಇಲ್ಲ. ಉಬ್ಬಿದ ಕಣದ ಬಹುಪಾಲು ನೀರೇ ಆಗಿರುವುದರಿಂದ ಅದರ ವಕ್ರೀಭವನ ಸೂಚ್ಯಂಕ ನೀರಿನ 1.33ಕ್ಕೆ ತೀರಾ ಹತ್ತಿರ ಇರುತ್ತದೆ, ಬೆಳಕು ಅದನ್ನು ಅಷ್ಟಾಗಿ ಗಮನಿಸುವುದಿಲ್ಲ. ಬಿಸಿಯಾದಾಗ ಅಷ್ಟೇ ಪಾಲಿಮರು ಚಿಕ್ಕ ಜಾಗಕ್ಕೆ ಒತ್ತರಿಸುತ್ತದೆ, ಸೂಚ್ಯಂಕದ ವ್ಯತ್ಯಾಸ ಹೆಚ್ಚುತ್ತದೆ, ಒಂಟಿ ಕಣವೇ ಹೆಚ್ಚು ಬೆಳಕನ್ನು ಚದರಿಸುತ್ತದೆ.

ಎರಡನೆಯದರ ಲೆಕ್ಕವನ್ನು ನೀವೇ ಮಾಡಿ ನೋಡಿ. ವ್ಯಾಸ ಶೇಕಡಾ 10ರಷ್ಟು ಕುಗ್ಗಿದರೆ ಕಣದ ಘನಗಾತ್ರ ಶೇಕಡಾ 27ರಷ್ಟು ಇಳಿಯುತ್ತದೆ. ಬೆಳಿಗ್ಗೆ ಕಣಗಳು ದ್ರವದ 0.60 ಭಾಗವನ್ನು ಆವರಿಸಿದ್ದರೆ, ಆ ಸಣ್ಣ ಕುಗ್ಗುವಿಕೆಗೇ ಅದು 0.44ಕ್ಕೆ ಬರುತ್ತದೆ, ಹರಳಾಗಿ ನಿಂತದ್ದು ಕರಗಿ ದ್ರವವಾಗಲು ಅಷ್ಟು ಸಾಕು. ಪೂರ್ತಿ ಮುದುಡಿ ವ್ಯಾಸ ಅರ್ಧಕ್ಕಿಳಿದರೆ ಗಾತ್ರಾಂಶ, ಅಂದರೆ ಕಣಗಳು ಆವರಿಸಿದ ಭಾಗ, 0.075 ಆಗುತ್ತದೆ, ಆಗ ನಿಮ್ಮ ಸೀಸೆಯಲ್ಲಿ ಉಳಿಯುವುದು ಹೆಚ್ಚುಕಡಿಮೆ ಖಾಲಿ ನೀರು. ಮೂರನೆಯ ಸೀಸೆ ಮಾತ್ರ ನಿಜವಾದ ಆಕರ್ಷಣೆಯ ಪ್ರಕರಣ.

ಪಡುಬಿದ್ರಿ_ಗಾಳಿ
ನಾನು ವಿಜ್ಞಾನದವನಲ್ಲ, ಬಣ್ಣದ ವ್ಯಾಪಾರಿ. ಫಾಲೂದಾದ ಮೇಲೆ ಹಾಕುವ ಕಾಮಕಸ್ತೂರಿ ಬೀಜ ನೆನೆದಾಗ ಒಳಗೆ ಗಟ್ಟಿ ಕಾಳು, ಸುತ್ತ ಲೋಳೆಯ ಮಬ್ಬು ಇರುತ್ತದಲ್ಲ, ನಿಮ್ಮ ಕಣಗಳೂ ಹಾಗೆಯೇ ಎಂದು ಭಾವಿಸಬಹುದೇ? ಹೌದಾದರೆ ಬಿಸಿ ಮಾಡಿದಾಗ ಅದು ಕುಗ್ಗುವುದು ಏಕೆ? ಸಾಮಾನ್ಯವಾಗಿ ಬಿಸಿಗೆ ವಸ್ತುಗಳು ಹಿಗ್ಗುತ್ತವೆ ಎಂದೇ ಶಾಲೆಯಲ್ಲಿ ಕಲಿತದ್ದು.

ಕೊಣಾಜೆ_ಮೇಷ್ಟ್ರು
@ಪಡುಬಿದ್ರಿ_ಗಾಳಿ ರಚನೆಯ ಮಟ್ಟಿಗೆ ಹೋಲಿಕೆ ಚೆನ್ನಾಗಿಯೇ ಇದೆ, ಆದರೆ ಇಲ್ಲಿ ಕಾಳಿಗೂ ಲೋಳೆಗೂ ನಡುವೆ ಸ್ಪಷ್ಟ ಗಡಿ ಇಲ್ಲ. ಈ ಕಣಗಳನ್ನು 60–70 ಡಿಗ್ರಿಯ ಬಿಸಿನೀರಿನಲ್ಲಿ ಬೆಳೆಸುವಾಗ, ಸರಪಣಿಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಬಿಸ್‌ಅಕ್ರಿಲಮೈಡ್ ಎಂಬ ಕ್ರಾಸ್‌ಲಿಂಕರು ಮೂಲ ಮಾನೊಮರಿಗಿಂತ ಬೇಗ ಖರ್ಚಾಗುತ್ತದೆ. ಹೀಗಾಗಿ ಮೊದಲು ಬೆಳೆದ ಒಳಭಾಗದಲ್ಲಿ ಗಂಟುಗಳು ಹೆಚ್ಚು, ಕೊನೆಗೆ ಬೆಳೆದ ಹೊರಭಾಗದಲ್ಲಿ ಕಡಿಮೆ. ನಡುವಿನಿಂದ ಅಂಚಿನ ಕಡೆಗೆ ಸಾಂದ್ರತೆ ಮೆಲ್ಲಗೆ ಇಳಿಯುತ್ತ, ತುದಿಯಲ್ಲಿ ಬಿಡಿ ಸರಪಣಿಗಳ ಎಳೆಗಳಷ್ಟೇ ಉಳಿಯುತ್ತವೆ. 2004ರಲ್ಲಿ ಜರ್ಮನಿಯ ರಿಕ್ಟರಿಂಗ್ ಮತ್ತು ಸಂಗಡಿಗರು ನ್ಯೂಟ್ರಾನ್ ಚದರಿಕೆಯಿಂದ ಇದನ್ನು ಅಂಕೆಗಳಲ್ಲಿ ತೋರಿಸಿದರು.

ಕುಗ್ಗುವುದಕ್ಕೆ ಕಾರಣ ನೀರಿನಲ್ಲಿದೆ. ತಂಪಿನಲ್ಲಿ ಪಿನಿಪ್ಯಾಮಿನ ಅಮೈಡ್ ಗುಂಪುಗಳು ನೀರಿನೊಂದಿಗೆ ಹೈಡ್ರೋಜನ್ ಬಂಧ ಮಾಡಿಕೊಂಡಿರುತ್ತವೆ, ಅದರ ಎಣ್ಣೆ ಸ್ವಭಾವದ ಐಸೊಪ್ರೊಪೈಲ್ ಗುಂಪುಗಳ ಸುತ್ತ ನೀರಿನ ಅಣುಗಳು ಕಟ್ಟುನಿಟ್ಟಾಗಿ ಸಾಲುಗಟ್ಟಿ ನಿಂತಿರುತ್ತವೆ. ತಾಪ ಏರಿದಂತೆ ಆ ಶಿಸ್ತನ್ನು ಉಳಿಸಿಕೊಳ್ಳುವುದು ಎಂಟ್ರೊಪಿಯ (ಅವ್ಯವಸ್ಥೆಯ ಅಳತೆ) ದೃಷ್ಟಿಯಿಂದ ದುಬಾರಿಯಾಗುತ್ತದೆ. ನೀರು ಬಿಡುಗಡೆಯಾಗಿ ಹೊರಬರುತ್ತದೆ, ಎಣ್ಣೆ ಸ್ವಭಾವದ ಗುಂಪುಗಳು ಒಂದನ್ನೊಂದು ಆಶ್ರಯಿಸುತ್ತವೆ. ಕುಗ್ಗಿದ ಮೇಲೂ ಒಳಗೆ ಗಣನೀಯ ಪ್ರಮಾಣದ ನೀರು ಉಳಿದೇ ಇರುತ್ತದೆ.

ಸಂಖ್ಯಾ_ಭಟ್ಟ
ಮೂಲ ಪ್ರಶ್ನೆ ವಿಭವದ ಸೂತ್ರದ್ದು, ಅದನ್ನು ಯಾರೂ ಮುಟ್ಟಿಲ್ಲ. ಸಂಕ್ಷೇಪವಾಗಿ ಹೇಳುವುದಾದರೆ ಹರ್ಟ್ಜ್ ವಿಭವವನ್ನು ಬರೆಯಿರಿ. ಹೈನ್ರಿಕ್ ಹರ್ಟ್ಜ್ 1880ರ ದಶಕದ ಆರಂಭದಲ್ಲಿ ಎರಡು ಸ್ಥಿತಿಸ್ಥಾಪಕ ಗೋಳಗಳನ್ನು ಒತ್ತಿದಾಗ ಏನಾಗುತ್ತದೆ ಎಂಬುದಕ್ಕೆ ಕೊಟ್ಟ ಫಲಿತಾಂಶ ಅದು: ಕೇಂದ್ರಗಳ ನಡುವಿನ ದೂರ ವ್ಯಾಸಕ್ಕಿಂತ ಹೆಚ್ಚಿದ್ದರೆ ಶಕ್ತಿ ಸೊನ್ನೆ, ಕಡಿಮೆ ಇದ್ದರೆ, ಎಷ್ಟು ಪಾಲು ಒತ್ತಲ್ಪಟ್ಟಿದೆಯೋ ಅದರ ಎರಡೂವರೆ ಘಾತಕ್ಕೆ ಅನುಪಾತವಾಗಿ ಶಕ್ತಿ ಏರುತ್ತದೆ. ಮುಂದೆ ಒಂದು ಗುಣಾಂಕ ಇರುತ್ತದೆ, ಅದು ಕಣದ ಬಿಗಿತವನ್ನು ಹೇಳುತ್ತದೆ.

ಉದಾಹರಣೆಗೆ ಆ ಗುಣಾಂಕವನ್ನು ಉಷ್ಣಶಕ್ತಿಯ 500 ಪಟ್ಟು ಎಂದಿಟ್ಟುಕೊಳ್ಳಿ. ಕಣಗಳು ಶೇಕಡಾ 10ರಷ್ಟು ಒತ್ತಿಕೊಂಡಾಗ ತಗಲುವ ಶಕ್ತಿ ಉಷ್ಣಶಕ್ತಿಯ ಒಂದೂವರೆ ಪಟ್ಟು ಮಾತ್ರ, ನೀರಿನ ಅಣುಗಳ ಬಡಿತದಿಂದಾಗುವ ಬ್ರೌನಿಯನ್ ಅಲುಗಾಟದಲ್ಲೇ ಅದು ಸಿಕ್ಕಿಬಿಡುತ್ತದೆ. ಶೇಕಡಾ 20ಕ್ಕೆ ಹೋದರೆ ಸುಮಾರು 9 ಪಟ್ಟು ಬೇಕು, ಅದು ಸುಲಭದಲ್ಲಿ ಆಗುವ ಕೆಲಸವಲ್ಲ. ಕಣವೊಂದು ಅಂಚಿನಲ್ಲಿ ಉದಾರಿ, ಒಳಗೆ ಹೋದಂತೆ ಜಿಪುಣ ಎಂಬ ಗುಣ ಒಂದೇ ಸೂತ್ರದಲ್ಲಿ ಬರುತ್ತದೆ. ಸಿಮ್ಯುಲೇಶನ್ ಕೂಡ ಬೇಗ ಮುಗಿಯುತ್ತದೆ.

ಸುರತ್ಕಲ್_ಹರಿವು
ಬೇಗ ಮುಗಿಯುತ್ತದೆ ಎಂಬುದು ಸೂತ್ರದ ಪರವಾಗಿ ಹೇಳುವ ವಾದವೇ ಭಟ್ಟರೇ? ಹರ್ಟ್ಜ್ ಲೆಕ್ಕ ಹಾಕಿದ್ದು ಸ್ಪಷ್ಟವಾದ ಮೈ ಇರುವ, ಒಳಗೆಲ್ಲ ಒಂದೇ ಬಿಗಿತದ ಗೋಳಗಳಿಗೆ, ಅದೂ ಸಣ್ಣ ಒತ್ತುವಿಕೆಗೆ. ಮೇಲೆ ಮೇಷ್ಟ್ರು ವಿವರಿಸಿದ ಕಣಕ್ಕೆ ಈ ಷರತ್ತುಗಳಲ್ಲಿ ಮೊದಲಿನ ಎರಡೂ ಇಲ್ಲ. ಅಂಚಿನ ಎಳೆಗಳು ಮೊದಲು ತಾಗುತ್ತವೆ. ಆಗ ಅದು ಪಾಲಿಮರ್ ಕುಂಚಗಳ ನಡುವಿನ ಆಸ್ಮಾಟಿಕ್ ವಿಕರ್ಷಣೆ (ಎಳೆಗಳು ಒತ್ತಾದ ಜಾಗಕ್ಕೆ ನೀರು ನುಗ್ಗಿ ದೂರ ತಳ್ಳುವುದು), ಸ್ಥಿತಿಸ್ಥಾಪಕ ಗೋಳಗಳದ್ದಲ್ಲ. ಇನ್ನಷ್ಟು ಒತ್ತಿದರೆ ಬಿಗಿಯಾದ ತಿರುಳು ಎದುರಾಗುತ್ತದೆ, ಅಲ್ಲಿ ಹರ್ಟ್ಜ್ ಹೇಳಿದ್ದಕ್ಕಿಂತ ಜೋರಾಗಿ ಶಕ್ತಿ ಏರಬೇಕು.

ಇದು ಬರೀ ತತ್ವದ ಜಗಳವಲ್ಲ. ಶುದ್ಧ ಹರ್ಟ್ಜ್ ಗೋಳಗಳನ್ನು ಕಂಪ್ಯೂಟರಿನಲ್ಲಿ ಒತ್ತುತ್ತ ಹೋದರೆ, ಹರಳಾದದ್ದು ಇನ್ನೂ ಹೆಚ್ಚಿನ ಸಾಂದ್ರತೆಯಲ್ಲಿ ಮತ್ತೆ ಕರಗುತ್ತದೆ ಎಂದು 2009ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಪಿನಿಪ್ಯಾಮಿನ ಸೀಸೆಯಲ್ಲಿ ಆ ಮರುಕರಗುವಿಕೆಯನ್ನು ಯಾರಾದರೂ ಕಂಡಿದ್ದರೆ ಹೇಳಿ. ನಮಗೆ ಸಿಗುವುದು ಗಟ್ಟಿಯಾದ, ಇನ್ನೂ ಗಟ್ಟಿಯಾದ ಮುದ್ದೆ ಅಷ್ಟೇ.

ಸಂಖ್ಯಾ_ಭಟ್ಟ
ಒಪ್ಪುವ ಭಾಗವನ್ನು ಒಪ್ಪುತ್ತೇನೆ. ಆದರೆ ಕಣಗಳು ತುಸುವೇ ತಾಗಿಕೊಂಡಿರುವ ಸಾಂದ್ರತೆಯವರೆಗೆ, ಸೂಕ್ಷ್ಮದರ್ಶಕದಲ್ಲಿ ಕಂಡ ನೆರೆಹೊರೆಯ ದೂರಗಳ ಹಂಚಿಕೆಗೆ ಹರ್ಟ್ಜ್ ಚೆನ್ನಾಗಿಯೇ ಹೊಂದುತ್ತದೆ, ಅದನ್ನು ಅಲ್ಲಗಳೆಯಲಾಗದು. ಅದರಿಂದ ಮುಂದಕ್ಕೆ ಹೋಗುವವರು ಒಳಗಿನ ತಿರುಳಿಗೊಂದು, ನಡುವಣ ಪದರಕ್ಕೊಂದು, ಅಂಚಿಗೊಂದು ಎಂದು ಹಲವು ಹರ್ಟ್ಜ್ ಪದಗಳನ್ನು ಕೂಡಿಸಿ ಬರೆಯುತ್ತಾರೆ. ವಿದ್ಯಾರ್ಥಿಗೆ ಬೇಕಿರುವುದು ಎಲ್ಲಿಯವರೆಗೆ ನಂಬಬಹುದು ಎಂಬ ಗಡಿ, ಸೂತ್ರಕ್ಕೆ ಬಹಿಷ್ಕಾರವಲ್ಲ.

ಕಡಲತಡಿ_ಕಲಿಲ
ಆ ಗಡಿ ಯಾವುದು ಸರ್? ನನ್ನ ಎರಡನೆಯ ಸೀಸೆಯ ಗಾತ್ರಾಂಶವನ್ನು ಲೆಕ್ಕ ಹಾಕಿದಾಗ 1ಕ್ಕಿಂತ ಹೆಚ್ಚು ಬಂತು. ಪೂರ್ಣಕ್ಕಿಂತ ಹೆಚ್ಚು ಜಾಗವನ್ನು ಆವರಿಸುವುದು ಹೇಗೆ ಸಾಧ್ಯ?

ಸುರತ್ಕಲ್_ಹರಿವು
ಈ ಪ್ರಶ್ನೆಗೆ ವಿವರವಾಗಿ ಬರೆಯಲೇಬೇಕು, ಏಕೆಂದರೆ ಮೈಕ್ರೋಜೆಲ್‌ಗಳ ಬಗ್ಗೆ ನಡೆಯುವ ಅರ್ಧ ಜಗಳ ಇಲ್ಲಿಂದಲೇ ಹುಟ್ಟುತ್ತದೆ.

ಗಟ್ಟಿ ಗೋಲಿಗಳಿಗೆ ಗಾತ್ರಾಂಶ ಎಂದರೆ ಒಂದೇ ಅರ್ಥ. 0.494ರಲ್ಲಿ ಹರಳುಗಟ್ಟಲು ಆರಂಭಿಸುತ್ತವೆ, 0.545ರಲ್ಲಿ ಪೂರ್ತಿ ಹರಳಾಗುತ್ತವೆ, 0.58ರ ಸುಮಾರಿಗೆ ಗಾಜಿನ ಸ್ಥಿತಿಯಲ್ಲಿ (ಸಾಲುಗಟ್ಟದೆಯೇ ಚಲನೆ ನಿಂತ ಸ್ಥಿತಿ) ಸಿಕ್ಕಿಕೊಳ್ಳುತ್ತವೆ, 0.64ರ ಆಸುಪಾಸಿನಲ್ಲಿ ಅಡ್ಡಾದಿಡ್ಡಿ ತುಂಬಿದ ರಾಶಿ ಬಿಗಿದುಕೊಳ್ಳುತ್ತದೆ. ಪ್ಯೂಸಿ ಮತ್ತು ವಾನ್ ಮೆಗೆನ್ 1986ರಲ್ಲಿ ಪ್ಲಾಸ್ಟಿಕ್ ಗೋಲಿಗಳ ಮೇಲೆ ನೋಡಿದ್ದು ಇದನ್ನೇ. ಮೈಕ್ರೋಜೆಲ್‌ಗೆ ನಾವು ಬರೆಯುವ ಅಂಕೆ ಬೇರೆ: ತೆಳು ದ್ರಾವಣದಲ್ಲಿ, ಯಾರ ಒತ್ತಡವೂ ಇಲ್ಲದೆ ಉಬ್ಬಿದಾಗ ಒಂದು ಕಣ ಎಷ್ಟು ಜಾಗ ಹಿಡಿಯುತ್ತದೋ ಅದನ್ನು ಕಣಗಳ ಸಂಖ್ಯೆಯಿಂದ ಗುಣಿಸಿದ್ದು. ಇದು ನಾಮಮಾತ್ರದ ಗಾತ್ರಾಂಶ. ಕಣಗಳು ಒತ್ತಿಕೊಂಡು ಕಿರಿದಾದರೂ ಲೆಕ್ಕದಲ್ಲಿ ಹಳೆಯ ಗಾತ್ರವೇ ಉಳಿಯುವುದರಿಂದ ಅದು 1ನ್ನು ದಾಟುತ್ತದೆ, ಅದರಲ್ಲಿ ಅಚ್ಚರಿಯೇನೂ ಇಲ್ಲ.

ದಾಟುವಾಗ ಕಣಗಳಿಗೆ ಮೂರು ದಾರಿಗಳಿವೆ. ನೀರನ್ನು ಹಿಂಡಿ ಹೊರಹಾಕಿ ಕಿರಿದಾಗಬಹುದು. ಗೋಳಾಕಾರ ಬಿಟ್ಟು ಮುಖಗಳು ಚಪ್ಪಟೆಯಾಗಬಹುದು. ಅಂಚಿನ ಎಳೆಗಳು ಒಂದರೊಳಗೊಂದು ನುಸುಳಬಹುದು. ಯಾವುದು ಮೊದಲು ಎಂಬುದು ದೀರ್ಘಕಾಲ ಬರೀ ಊಹೆಯಾಗಿತ್ತು. 2017ರಲ್ಲಿ ಸ್ವಿಟ್ಜರ್ಲೆಂಡಿನ ಫ್ರಿಬೂರ್ ವಿಶ್ವವಿದ್ಯಾಲಯದವರು ಬೆಳಗುವ ಬಣ್ಣ ಹಚ್ಚಿದ ಕಣಗಳನ್ನು ಅತಿಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ನೋಡಿದಾಗ, ಸಾಂದ್ರತೆ ಏರಿದಂತೆ ಈ ಮೂರೂ ಬೇರೆಬೇರೆ ಪ್ರಮಾಣದಲ್ಲಿ ಬರುತ್ತವೆ ಎಂಬುದು ಕಣ್ಣಿಗೇ ಕಂಡಿತು. ಬಿಗಿಯಾಗಿ ಒತ್ತಿದ ಸ್ಥಿತಿಯಲ್ಲಿ ಕಣದ ಅಳತೆಯೇ ಕುಗ್ಗುವುದು ಮೇಲುಗೈ ಪಡೆಯುತ್ತದೆ. ಹಾಗಾಗಿ ಸಾಂದ್ರ ಸ್ಥಿತಿಯಲ್ಲಿ ಎರಡು ಕಣಗಳ ನಡುವಿನ ಬಲ ಎಂದು ಒಂದು ಗೆರೆ ಎಳೆದು ತೋರಿಸುವುದೇ ಕಷ್ಟ. ಸುತ್ತ ಎಷ್ಟು ಮಂದಿ ಇದ್ದಾರೆ ಎಂಬುದರ ಮೇಲೆ ಕಣವೇ ಬದಲಾಗುತ್ತದೆ.

ನೀವು ಕೇಳಿದ ಗಡಿಯನ್ನು ನಾನಾದರೆ ನಾಮಮಾತ್ರದ ಗಾತ್ರಾಂಶ 0.64ರ ಸುತ್ತಮುತ್ತ ಇಡುತ್ತೇನೆ. ಅದರ ಕೆಳಗೆ ಒಂದೇ ಹರ್ಟ್ಜ್ ಪದ ಸಾಕು.

ಮಣಿಪಾಲ_ಮಾತ್ರೆ
ಔಷಧದ ಕಡೆಯಿಂದ ಒಂದು ಮಾತು. ಮೊದಲನೆಯ ಸೀಸೆಯಲ್ಲಿ ಕಣಗಳು ಅಂಟಿವೆಯೋ ಇಲ್ಲವೋ ತಿಳಿಯಲು ಸುಲಭದ ದಾರಿ ಫ್ರಿಜ್. ತಂಪು ಮಾಡಿದಾಗ ಮತ್ತೆ ತಿಳಿಯಾದರೆ ಅಂಟಿಲ್ಲ, ಆಗದಿದ್ದರೆ ಅಂಟಿವೆ. ಅಷ್ಟಕ್ಕೆ ನ್ಯೂಟ್ರಾನ್ ಏನೂ ಬೇಡ ಮಾರಾಯ್ರೆ.

ಸುರತ್ಕಲ್_ಹರಿವು
ಫ್ರಿಜ್ ಪರೀಕ್ಷೆಯನ್ನು ನಂಬಿದರೆ ಮೋಸಹೋಗುತ್ತೀರಿ. ಉಪ್ಪು ಹಾಕಿ ಗಂಟಾದ ಮೂರನೆಯ ಸೀಸೆಯನ್ನೂ ತಂಪು ಮಾಡಿ ಅಲುಗಾಡಿಸಿದರೆ ಸಾಮಾನ್ಯವಾಗಿ ಮತ್ತೆ ಬಿಡಿಬಿಡಿಯಾಗುತ್ತದೆ, ಏಕೆಂದರೆ ಕಣಗಳು ಉಬ್ಬಿದ ಕೂಡಲೇ ಅಂಚಿನ ಎಳೆಗಳು ಮತ್ತೆ ತಳ್ಳಲಾರಂಭಿಸುತ್ತವೆ. ತಂಪಿನಲ್ಲಿ ಮರಳುವುದು ಎರಡೂ ಕಡೆಗೂ ಸಮಾನ. ತೀರ್ಮಾನವನ್ನು ಬಿಸಿಯಲ್ಲಿರುವಾಗಲೇ ಮಾಡಬೇಕು: 40 ಡಿಗ್ರಿಯಲ್ಲಿ ಬೆಳಕಿನ ಚದರಿಕೆಯಿಂದ ಅಳೆದ ವ್ಯಾಸ 20 ಡಿಗ್ರಿಯದ್ದಕ್ಕಿಂತ ಚಿಕ್ಕದಾಗಿ, ಹೊತ್ತು ಕಳೆದರೂ ಸ್ಥಿರವಾಗಿ ನಿಂತರೆ ಬಿಡಿ ಕಣಗಳು, ಹೊತ್ತು ಹೋದಂತೆ ಬೆಳೆಯುತ್ತಿದ್ದರೆ ಗುಂಪುಗೂಡುತ್ತಿವೆ.

ಮಣಿಪಾಲ_ಮಾತ್ರೆ
ಉಪಕರಣ ಇದ್ದವರಿಗೆ ಅದು ಸರಿ. ಇಲ್ಲದವರು ಏನು ಮಾಡಬೇಕು?

ಸುರತ್ಕಲ್_ಹರಿವು
ಬಿಸಿನೀರಿನ ತೊಟ್ಟಿಯಲ್ಲಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತಳ ನೋಡಬೇಕು. ಅರ್ಧ ಮೈಕ್ರೋಮೀಟರಿಗಿಂತ ಚಿಕ್ಕದಾದ ಬಿಡಿ ಕಣ ಅಷ್ಟು ಬೇಗ ತಳ ಸೇರುವುದಿಲ್ಲ, ಗಂಟು ಸೇರುತ್ತದೆ.

ಕಡಲತಡಿ_ಕಲಿಲ
32ರ ಮೇಲೆ ನೀರನ್ನು ಬೇಡವೆನ್ನುವ ಕಣಗಳು ಉಪ್ಪಿಲ್ಲದ ಸೀಸೆಯಲ್ಲಿ ಏಕೆ ಅಂಟುವುದಿಲ್ಲ? ಅಲ್ಲಿ ಅಂಚಿನ ಎಳೆಗಳ ತಳ್ಳಾಟವೂ ಇಲ್ಲವಲ್ಲ?

ಕೊಣಾಜೆ_ಮೇಷ್ಟ್ರು
ಅದಕ್ಕೆ ಕಾರಣ ನೀವು ಪಾಲಿಮರೀಕರಣ ಆರಂಭಿಸಲು ಹಾಕಿದ ಪೊಟ್ಯಾಸಿಯಂ ಪರ್‌ಸಲ್ಫೇಟ್. ಅದು ಒಡೆದು ಸರಪಣಿಯ ತುದಿಗಳಲ್ಲಿ ಋಣಾವೇಶದ ಸಲ್ಫೇಟ್ ಗುಂಪುಗಳನ್ನು ಬಿಟ್ಟುಹೋಗುತ್ತದೆ. ಉಬ್ಬಿದಾಗ ಅವು ದೊಡ್ಡ ಗಾತ್ರದಲ್ಲಿ ಹರಡಿಕೊಂಡಿರುವುದರಿಂದ ಅವುಗಳ ಪ್ರಭಾವ ಅಷ್ಟಾಗಿ ಕಾಣುವುದಿಲ್ಲ. ಕುಗ್ಗಿದಾಗ ಅದೇ ಆವೇಶ ಸಣ್ಣ ಮೈಯ ಮೇಲೆ ಒತ್ತೊತ್ತಾಗಿ ಸೇರುತ್ತದೆ, ಕಣಗಳು ವಿದ್ಯುತ್ ವಿಕರ್ಷಣೆಯಿಂದ ದೂರ ನಿಲ್ಲುತ್ತವೆ. ಒಂದು ಕಡೆ ಎಣ್ಣೆ ಸ್ವಭಾವದ ಸೆಳೆತ ಮತ್ತು ಪಾಲಿಮರ್ ದಟ್ಟವಾದ ಕಾರಣ ಬಲಗೊಂಡ ವಾನ್ ಡರ್ ವಾಲ್ಸ್ ಸೆಳೆತ (ಅಣುಗಳ ನಡುವಿನ ಸಹಜ ಸೆಳೆತ), ಇನ್ನೊಂದು ಕಡೆ ಆವೇಶದ ತಳ್ಳಾಟ. ಉಪ್ಪಿಲ್ಲದಿದ್ದರೆ ಗೆಲ್ಲುವುದು ಎರಡನೆಯದು.

ಉಪ್ಪು ಹಾಕಿದರೆ ಆವೇಶದ ಪ್ರಭಾವದ ದೂರ ಕಿರಿದಾಗುತ್ತದೆ. ಅಡಿಗೆಯ ಉಪ್ಪು ಲೀಟರಿಗೆ ಒಂದು ಮೋಲಿನ ಸಾವಿರದಲ್ಲೊಂದು ಪಾಲು ಇದ್ದಾಗ ಆ ದೂರ ಸುಮಾರು 10 ನ್ಯಾನೋಮೀಟರ್. ನಿಮ್ಮ ಬಫರಿನಂತೆ 0.15 ಮೋಲ್ ಇದ್ದಾಗ 0.8 ನ್ಯಾನೋಮೀಟರಿಗೂ ಕಡಿಮೆ. ಅಷ್ಟು ಹತ್ತಿರ ಬಂದ ಮೇಲೆ ಸೆಳೆತವನ್ನು ತಡೆಯುವವರು ಯಾರೂ ಇರುವುದಿಲ್ಲ. ತಂಪಿನಲ್ಲಿ ಅದೇ ಉಪ್ಪಿನಲ್ಲಿ ಏನೂ ಆಗದಿರಲು ಕಾರಣ, ಆಗ ಕಾಯುವುದು ಆವೇಶವಲ್ಲ, ನೀರು ಕುಡಿದ ಎಳೆಗಳು.

ಮಣಿಪಾಲ_ಮಾತ್ರೆ
ಉಪ್ಪಿನ ಇನ್ನೊಂದು ಕೆಲಸವನ್ನೂ ಸೇರಿಸಬೇಕು: ಅದು ಆ 32ರ ಗೆರೆಯನ್ನೇ ಕೆಳಗೆ ಎಳೆಯುತ್ತದೆ. ಎಷ್ಟು ಎಳೆಯುತ್ತದೆ ಎಂಬುದು ಯಾವ ಉಪ್ಪು ಎಂಬುದರ ಮೇಲೆ ನಿಂತಿದೆ. ಸಲ್ಫೇಟ್ ಬಹಳ ಎಳೆಯುತ್ತದೆ, ಕ್ಲೋರೈಡ್ ಅದಕ್ಕಿಂತ ಕಡಿಮೆ. 1888ರಲ್ಲಿ ಹೋಫ್‌ಮೈಸ್ಟರ್ ಮೊಟ್ಟೆಯ ಪ್ರೋಟೀನಿನ ಮೇಲೆ ಕಂಡ, ಉಪ್ಪುಗಳ ಪ್ರಭಾವದ ಸಾಲೇ ಇಲ್ಲಿಯೂ ಬರುತ್ತದೆ. ನಮಗೆ ಔಷಧದವರಿಗೆ ಇದು ತಲೆನೋವು, ಏಕೆಂದರೆ ದೇಹದ 37 ಡಿಗ್ರಿ ಮತ್ತು ರಕ್ತದ ಉಪ್ಪು ಎರಡೂ ಸೇರಿದರೆ ಬರೀ ಪಿನಿಪ್ಯಾಮ್ ಕಣ ಒಳಗೆ ಹೋದ ಕೂಡಲೇ ಗಂಟಾಗುತ್ತದೆ. ಆದ್ದರಿಂದ ಹೆಚ್ಚು ನೀರೊಲವಿನ ಇನ್ನೊಂದು ಮಾನೊಮರನ್ನು ಬೆರೆಸಿ ಗೆರೆಯನ್ನು 37ರ ಮೇಲಕ್ಕೆ ಏರಿಸುತ್ತಾರೆ.

ಪಡುಬಿದ್ರಿ_ಗಾಳಿ
ಹಾಗಾದರೆ ಪಣಂಬೂರಿನ ಸಮುದ್ರದ ನೀರು ಹಾಕಿದರೆ?

ಮಣಿಪಾಲ_ಮಾತ್ರೆ
ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರು ಅದು. ಬೇಸಿಗೆಯಾದರೆ ಹಾಕಿದ ಸ್ವಲ್ಪ ಹೊತ್ತಿಗೇ ಗಂಟಾಗುವುದನ್ನು ನಿರೀಕ್ಷಿಸಬಹುದು. ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಇರುವುದರಿಂದ ಆವೇಶವನ್ನು ಅಡಗಿಸುವ ಕೆಲಸ ಇನ್ನೂ ಬೇಗ ಆಗುತ್ತದೆ.

ನಿರ್ವಾಹಕ
ಸಮುದ್ರದ ನೀರಿನ ಬಗ್ಗೆ ಮುಂದುವರಿಸುವವರು ದಯವಿಟ್ಟು ಬೇರೆ ಎಳೆ ತೆರೆಯಿರಿ.

ಸಂಖ್ಯಾ_ಭಟ್ಟ
ಎರಡನೆಯ ಸೀಸೆಯ ಬಣ್ಣದ ಚುಕ್ಕೆಗಳನ್ನು ಎಲ್ಲರೂ ಬಿಟ್ಟೇಬಿಟ್ಟರು. ಅವು ಕಣಗಳು ಸಾಲಾಗಿ ಜೋಡಿಸಿಕೊಂಡ ಹರಳಿನ ತುಣುಕುಗಳು. ಸಾಲುಗಳ ನಡುವಿನ ದೂರ ಬೆಳಕಿನ ತರಂಗಾಂತರಕ್ಕೆ ಸಮೀಪ ಇರುವುದರಿಂದ ಬ್ರಾಗ್ ನಿಯಮದಂತೆ ಬಣ್ಣ ಕಾಣುತ್ತದೆ. ಬರೀ ವಿಕರ್ಷಣೆಯಿಂದಲೇ ಹರಳು ಕಟ್ಟುತ್ತದೆ, ಸೆಳೆತ ಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ಬೇಡ.

ತಾಪಮಾನವನ್ನು ಮೆಲ್ಲಗೆ ಏರಿಸಿದರೆ ಈ ಹರಳು ಹೇಗೆ ಕರಗುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಬಹುದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2005ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಇದನ್ನೇ: ಕರಗುವಿಕೆ ಒಟ್ಟಿಗೆ ಎಲ್ಲೆಡೆ ಆರಂಭವಾಗುವುದಿಲ್ಲ, ಎರಡು ಹರಳುಗಳು ಕೂಡುವ ಗಡಿಗಳಲ್ಲಿ ಮತ್ತು ಜೋಡಣೆ ತಪ್ಪಿದ ಜಾಗಗಳಲ್ಲಿ ಮೊದಲು ಆರಂಭವಾಗುತ್ತದೆ. ಲೋಹದೊಳಗೆ ಪರಮಾಣುಗಳನ್ನು ಹೀಗೆ ಒಂದೊಂದಾಗಿ ಹಿಂಬಾಲಿಸಲು ಆಗುವುದಿಲ್ಲ, ಇಲ್ಲಿ ಆಗುತ್ತದೆ.

ಕೊಣಾಜೆ_ಮೇಷ್ಟ್ರು
ಹರಳಿನ ಮಾತು ಬಂದದ್ದರಿಂದ ಇನ್ನೊಂದು. ಗಟ್ಟಿ ಗೋಲಿಗಳ ಹರಳಿನಲ್ಲಿ ಒಂದು ದಪ್ಪ ಗೋಲಿ ಸೇರಿದರೆ ಸುತ್ತಲಿನ ಜೋಡಣೆಯೆಲ್ಲ ಕೆಡುತ್ತದೆ. ಮೈಕ್ರೋಜೆಲ್ ಹರಳಿನಲ್ಲಿ ಮಾತ್ರ ದಪ್ಪ ಕಣವೇ ಕುಗ್ಗಿ ನೆರೆಯವರ ಅಳತೆಗೆ ಬರುತ್ತದೆ ಎಂದು 2009ರಲ್ಲಿ ಅಯ್ಯರ್ ಮತ್ತು ಲಯನ್ ತೋರಿಸಿದರು. ಕುಗ್ಗಿಸುವವರು ಯಾರು ಎಂಬುದಕ್ಕೆ 2016ರಲ್ಲಿ ಬಂದ ವಿವರಣೆ ನನಗೆ ಬಹಳ ಹಿಡಿಸಿತು. ಸಲ್ಫೇಟ್ ಗುಂಪುಗಳಿಗೆ ಜೋಡಿಯಾಗಿರುವ ಧನಾವೇಶದ ಅಯಾನುಗಳ ಒಂದು ಪಾಲು ಕಣದ ಹಿಡಿತಕ್ಕೆ ಸಿಗದೆ ಹೊರಗೆ ಅಲೆಯುತ್ತಿರುತ್ತದೆ. ಸಾಂದ್ರತೆ ಏರಿದಾಗ ಕಣಗಳ ಸುತ್ತಲಿನ ಆ ಅಯಾನು ಮೋಡಗಳು ಒಂದಕ್ಕೊಂದು ತಾಗಿ, ಹೊರಗಿನ ಆಸ್ಮಾಟಿಕ್ ಒತ್ತಡವನ್ನು ಏರಿಸುತ್ತವೆ. ದಪ್ಪವೂ ಮೆದುವೂ ಆದ ಕಣ ಆ ಒತ್ತಡಕ್ಕೆ ಮೊದಲು ಮಣಿಯುತ್ತದೆ. ಅಂದರೆ ಮೈ ತಾಗುವ ಮೊದಲೇ ಒಂದು ಕಣ ಇನ್ನೊಂದನ್ನು ಕುಗ್ಗಿಸಬಲ್ಲದು. ಆವೇಶವಿಲ್ಲದ ಮೈಕ್ರೋಜೆಲ್ ಎಂದು ಪುಸ್ತಕದಲ್ಲಿ ಬರೆಯುವವರು ಇದನ್ನು ನೆನಪಿನಲ್ಲಿಟ್ಟರೆ ಒಳ್ಳೆಯದು.

ಸುರತ್ಕಲ್_ಹರಿವು
ಇದಕ್ಕೆ ಸಹಮತವಿದೆ. ಮೆದು ಕಣಗಳು ಗಾಜಿನ ಸ್ಥಿತಿಗೆ ಹೋಗುವ ಬಗೆಯೂ ಬೇರೆ ಎಂದು ಅದೇ 2009ರಲ್ಲಿ ನೇಚರ್ ಪತ್ರಿಕೆಯಲ್ಲಿ ಮಾಟ್ಸನ್ ಮತ್ತು ಸಂಗಡಿಗರು ಬರೆದಿದ್ದರು: ಗಟ್ಟಿ ಗೋಲಿಗಳ ಚಲನೆ ಗಡಿಯ ಹತ್ತಿರ ಬಂದಾಗ ಥಟ್ಟನೆ ನಿಂತುಹೋದರೆ, ಮೆದು ಕಣಗಳದ್ದು ಸಾಂದ್ರತೆ ಏರಿದಂತೆ ಹಂತಹಂತವಾಗಿ ನಿಧಾನವಾಗುತ್ತದೆ ಎಂದು. ಅದು ಮೆದುತನದಿಂದಲೇ ಬರುತ್ತದೆಯೋ, ಸಾಂದ್ರತೆ ಏರಿದಾಗ ಕಣ ಕುಗ್ಗುವುದರಿಂದ ಬರುತ್ತದೆಯೋ ಎಂಬ ಜಗಳ ಇನ್ನೂ ನಿಂತಿಲ್ಲ. ನನ್ನ ಮತ ಎರಡನೆಯದಕ್ಕೆ.

ಸಂಖ್ಯಾ_ಭಟ್ಟ
ನಿಮ್ಮ ಮತ ಎಂದೂ ಸೂತ್ರದ ವಿರುದ್ಧವೇ ಇರುತ್ತದೆ.

ಕಡಲತಡಿ_ಕಲಿಲ
ಎಲ್ಲರಿಗೂ ಧನ್ಯವಾದಗಳು. ಈಗ ಕೆಲಸದ ಪ್ರಶ್ನೆ. ನಾಮಮಾತ್ರದ ಗಾತ್ರಾಂಶವನ್ನು ಸರಿಯಾಗಿ ಅಳೆಯುವುದು ಹೇಗೆ? ಈವರೆಗೆ ಬೆಳಕಿನ ಚದರಿಕೆಯ ವ್ಯಾಸದಿಂದ ಮತ್ತು ಪಾಲಿಮರಿನ ಒಣ ತೂಕದಿಂದ ಲೆಕ್ಕ ಹಾಕುತ್ತಿದ್ದೆ. ಸೀಸೆಯನ್ನು ಹೊರಗಿನಿಂದ ತಂದು ಕೂಡಲೇ ಅಳೆದರೆ ಅಂಕೆ ನಿಲ್ಲುವುದಿಲ್ಲ.

ಸುರತ್ಕಲ್_ಹರಿವು
ಕೂಡಲೇ ಅಳೆದರೆ ನಿಲ್ಲುವುದಾದರೂ ಹೇಗೆ? ಉಪಕರಣ ಅಳೆಯುವುದು ಕಣದ ಅಲೆದಾಟದ ವೇಗವನ್ನು, ವ್ಯಾಸವನ್ನಲ್ಲ. ವ್ಯಾಸಕ್ಕೆ ಪರಿವರ್ತಿಸುವಾಗ ನೀರಿನ ಸ್ನಿಗ್ಧತೆ ಬೇಕು, ಅದು 25 ಡಿಗ್ರಿಯಲ್ಲಿ 0.89, 35ರಲ್ಲಿ 0.72 ಮಿಲಿಪಾಸ್ಕಲ್-ಸೆಕೆಂಡ್. ಮಾದರಿ 35ರಲ್ಲಿದ್ದು ಸಾಫ್ಟ್‌ವೇರ್ 25 ಎಂದುಕೊಂಡರೆ ವ್ಯಾಸವನ್ನು ಐದರಲ್ಲೊಂದು ಪಾಲಿಗಿಂತಲೂ ಹೆಚ್ಚಾಗಿ ತಗ್ಗಿಸಿ ತೋರಿಸುತ್ತದೆ. ಕಣ ನಿಜವಾಗಿ ಕುಗ್ಗಿದ್ದರ ಮೇಲೆ ಇದೂ ಸೇರಿದರೆ ನಿಮ್ಮ ಇಡೀ ಗ್ರಾಫ್ ಹಾಳು. ಮಾದರಿಯನ್ನು ಉಪಕರಣದೊಳಗೆ ಇಟ್ಟು, ತಾಪಮಾನ ಸ್ಥಿರವಾಗಲು ಬಿಟ್ಟು, ಒಂದೊಂದು ಡಿಗ್ರಿಗೂ ಅಳೆಯಿರಿ.

ಗಾತ್ರಾಂಶಕ್ಕೆ ನಾನು ನೆಚ್ಚುವುದು ಸ್ನಿಗ್ಧತೆಯನ್ನು. ತೀರಾ ತೆಳು ದ್ರಾವಣದ ಸ್ನಿಗ್ಧತೆ ನೀರಿನದ್ದಕ್ಕಿಂತ ಗಾತ್ರಾಂಶದ ಎರಡೂವರೆ ಪಟ್ಟಿನಷ್ಟು ಹೆಚ್ಚುತ್ತದೆ ಎಂಬ ಐನ್‌ಸ್ಟೈನ್ ಸಂಬಂಧವನ್ನು ಹಿಡಿದು, ನಾಲ್ಕೈದು ಸಾಂದ್ರತೆಗಳಲ್ಲಿ ಅಳೆದು ಗೆರೆ ಎಳೆದರೆ, ಒಂದು ಶೇಕಡಾ ತೂಕಕ್ಕೆ ಎಷ್ಟು ಗಾತ್ರಾಂಶ ಎಂಬ ಗುಣಕ ಸಿಗುತ್ತದೆ. ಇದನ್ನು ಪ್ರತಿ ತಾಪಮಾನಕ್ಕೂ ಬೇರೆಯಾಗಿ ಮಾಡಬೇಕು. ನಂತರ ತೂಕವನ್ನು ಆ ಗುಣಕದಿಂದ ಗುಣಿಸಿದರಾಯಿತು.

ಕಡಲತಡಿ_ಕಲಿಲ
ನಮ್ಮಲ್ಲಿ ಸ್ನಿಗ್ಧತೆ ಅಳೆಯುವ ಉಬೆಲೋಡೆ ವಿಸ್ಕೋಮೀಟರ್ ಇದೆ, ಆದರೆ ತಾಪಮಾನ ಹಿಡಿದಿಡುವ ನೀರಿನ ತೊಟ್ಟಿ ಕೆಟ್ಟಿದೆ. ಪ್ರಬಂಧದಲ್ಲಿ ಆಕರ್ಷಣೆ, ವಿಕರ್ಷಣೆ ಎರಡನ್ನೂ ಬರೆಯಬಹುದು ತಾನೇ?

ಕೊಣಾಜೆ_ಮೇಷ್ಟ್ರು
ಎರಡನ್ನೂ ಬರೆಯಿರಿ, ಆದರೆ ಪ್ರತಿಯೊಂದರ ಪಕ್ಕದಲ್ಲಿ ತಾಪಮಾನ, ಉಪ್ಪು ಮತ್ತು ನಾಮಮಾತ್ರದ ಗಾತ್ರಾಂಶ ಮೂರನ್ನೂ ನಮೂದಿಸಿ. ಈ ಮೂರಿಲ್ಲದೆ ಬರೆದ ವಿಭವವನ್ನು ಪರೀಕ್ಷಕರು ಒಪ್ಪಿದರೂ ನಾನು ಒಪ್ಪುವುದಿಲ್ಲ.

ಸುರತ್ಕಲ್_ಹರಿವು
ನೀರಿನ ತೊಟ್ಟಿ ನಮ್ಮಲ್ಲಿದೆ, ಖಾಸಗಿ ಸಂದೇಶ ಕಳಿಸಿ ಬನ್ನಿ. ಮಾದರಿಯನ್ನು ಮಾತ್ರ ಡಯಾಲಿಸಿಸ್ ಮಾಡಿಯೇ (ತೆಳುಪೊರೆಯ ಮೂಲಕ ಸಣ್ಣ ಅಣುಗಳನ್ನು ತೊಳೆದೇ) ತನ್ನಿ. ತಯಾರಿಯಲ್ಲಿ ಬಳಸಿದ, ಸಾಬೂನಿನಂಥ ಸೋಡಿಯಂ ಡೋಡೆಸಿಲ್ ಸಲ್ಫೇಟ್ ಉಳಿದಿದ್ದರೆ ಅದು ಸರಪಣಿಗೆ ಅಂಟಿಕೊಂಡು ಹೊಸ ಆವೇಶ ಕೊಡುತ್ತದೆ, ಕುಗ್ಗುವ ತಾಪಮಾನವನ್ನೂ ಮೇಲಕ್ಕೆ ತಳ್ಳುತ್ತದೆ. ಆಮೇಲೆ ಅಳೆದ ಯಾವ ಅಂಕೆಯೂ ಪಿನಿಪ್ಯಾಮಿನದ್ದಾಗಿರುವುದಿಲ್ಲ.